ಪೆನ್ಸಿಲಿಗೆ ಒದಗದ ಕಾಡು

ಅಮೆರಿಕದ ಜಾರ್ಜಿಯಾ ಕರಾವಳಿಯಲ್ಲಿ ಲಿಟ್ಲ್ ಸೇಂಟ್ ಸೈಮನ್ಸ್ ಎಂಬ ದ್ವೀಪವುಂಟು. ದೋಣಿಯಲ್ಲದೆ ಅಲ್ಲಿಗೆ ಬೇರೆ ದಾರಿಯಿಲ್ಲ. 1908ರಲ್ಲಿ ಈಗಲ್ ಪೆನ್ಸಿಲ್ ಕಂಪನಿಯವರು ಸೀಡರ್ ಮರಗಳಿಗಾಗಿ ಅದನ್ನು ಕೊಂಡರು. ಉಪ್ಪುಗಾಳಿಗೆ ತಿರುಚಿಕೊಂಡ ಆ ಮರ ಪೆನ್ಸಿಲಿಗೆ ಒದಗಲಿಲ್ಲ, ಕಾಡು ಉಳಿಯಿತು. ಕಂಪನಿಯ ಒಡೆಯರಾದ ಬೆರೊಲ್ಝೈಮರ್ ಮನೆತನದವರು ಅದನ್ನು ವಿಶ್ರಾಂತಿಧಾಮ ಮಾಡಿಕೊಂಡರು. ಮುಂದೆ ಅತಿಥಿಗಳಿಗೂ ಅದು ತೆರೆಯಿತು.

ಅದಕ್ಕೂ ಹಿಂದೆ ದ್ವೀಪ ಬಟ್ಲರ್ ಮನೆತನದ ಸ್ವತ್ತಾಗಿತ್ತು. ಆ ಮನೆಯ ಸೊಸೆ, ನಟಿ ಫ್ಯಾನಿ ಕೆಂಬಲ್, 1838-39ರಲ್ಲಿ ಅವರ ತೋಟಗಳ ಗುಲಾಮರ ಬವಣೆಯನ್ನು ಕಣ್ಣಾರೆ ಕಂಡು ದಿನಚರಿ ಬರೆದಿಟ್ಟರು. ಅದು ಅಚ್ಚಾದದ್ದು 1863ರಲ್ಲಿ. ಅಷ್ಟರೊಳಗೆ, 1859ರಲ್ಲಿ, ಬಟ್ಲರರ ನಾನೂರಕ್ಕೂ ಹೆಚ್ಚು ಗುಲಾಮರು ಸವಾನ್ನಾ ನಗರದಲ್ಲಿ ಎರಡೇ ದಿನಗಳಲ್ಲಿ ಹರಾಜಾಗಿ ಚದುರಿಹೋಗಿದ್ದರು.

2015ರ ಸಂರಕ್ಷಣಾ ಒಪ್ಪಂದದಿಂದ ದ್ವೀಪದ ಕಾಡಿಗೆ ಕಾವಲು ದೊರೆಯಿತು. ಅಲ್ಲಿಗೆ ಹಕ್ಕಿ ನೋಡಲು ಹೋದವರು ಆ ಜನರನ್ನೂ ಒಮ್ಮೆ ನೆನೆಯುವುದು ನ್ಯಾಯ.