ಈಸ್ಟರ್ ಕೂಟವೂ ಕಾರ್ಮಿಕರ ಸೈಕಲ್ ಪ್ರವಾಸವೂ: ಕ್ಲ್ಯಾರಿಯನ್ ಸಂಘದ ಕುರಿತು ಒಂದು ಟಿಪ್ಪಣಿ

ಸೈಕಲ್ ಸಂಘವೊಂದರ ಚರಿತ್ರೆಯಲ್ಲಿ ಪ್ರವಾಸವನ್ನು ಮುಖ್ಯ ಕೆಲಸವೆಂದೂ ಚಹಾಕೂಟ, ಹಾಡು, ಹರಟೆಗಳನ್ನು ಅದರ ಜೊತೆಗೆ ಬಂದ ಸಂತೋಷವೆಂದೂ ಎಣಿಸುವುದು ಸುಲಭ. ಇಂಗ್ಲೆಂಡಿನ ಕ್ಲ್ಯಾರಿಯನ್ ಸೈಕಲ್ ಸಂಘದ ಮಟ್ಟಿಗೆ ಈ ಎಣಿಕೆ ಸರಿಹೋಗುವುದಿಲ್ಲ. ಅಲ್ಲಿ ಕೂಟಕ್ಕೆ ಹೋಗುವ ದಾರಿಯೇ ಪ್ರವಾಸವಾಯಿತು. ಇದಕ್ಕೆ ಕಾರಣವನ್ನು ಸದಸ್ಯರ ಅಭಿರುಚಿಗಿಂತ ಮೊದಲು ಅವರ ರಜೆಗಳ ಪಟ್ಟಿಯಲ್ಲಿ ಹುಡುಕಬೇಕು ಎಂಬುದು ಈ ಟಿಪ್ಪಣಿಯ ವಾದ.

ರಾಬರ್ಟ್ ಬ್ಲ್ಯಾಚ್‌ಫರ್ಡ್ 1891ರ ಡಿಸೆಂಬರಿನಲ್ಲಿ ಮ್ಯಾಂಚೆಸ್ಟರ್‌ನಲ್ಲಿ ‘ದಿ ಕ್ಲ್ಯಾರಿಯನ್’ ಎಂಬ ಸಮಾಜವಾದಿ ವಾರಪತ್ರಿಕೆಯನ್ನು ಆರಂಭಿಸಿದರು. 1894ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಲೇಬರ್ ಚರ್ಚಿಗೆ ಸೇರಿದ ಕೆಲವು ಯುವಕರು ಟಾಮ್ ಗ್ರೂಮ್ ಅವರ ಮುಂದಾಳುತನದಲ್ಲಿ ಸಂಘ ಕಟ್ಟಿ, ಸ್ವಲ್ಪದರಲ್ಲೇ ಅದಕ್ಕೆ ಪತ್ರಿಕೆಯ ಹೆಸರಿಟ್ಟರು. ಆ ವರ್ಷದ ಈಸ್ಟರ್‌ನಲ್ಲಿ ಅವರು ಕೈಗೊಂಡ ಪ್ರವಾಸದ ವರದಿ ಪತ್ರಿಕೆಯಲ್ಲಿ ಬಂತು. ಓದಿದವರು ತಮ್ಮ ತಮ್ಮ ಊರುಗಳಲ್ಲಿ ಸಂಘ ಕಟ್ಟತೊಡಗಿದರು. ಮರುವರ್ಷ, 1895ರ ಈಸ್ಟರ್‌ಗೆ, ಅವರೆಲ್ಲ ಡರ್ಬಿಶೈರ್‌ನ ಆ್ಯಶ್‌ಬೋರ್ನ್ ಎಂಬ ಪೇಟೆಯಲ್ಲಿ ಸೇರಿದರು. ರಾಷ್ಟ್ರೀಯ ಸಂಘ ಹುಟ್ಟಿದ್ದು ಅಲ್ಲಿ.

ಈಸ್ಟರ್ ಯಾಕೆ? ಇಂಗ್ಲೆಂಡಿನಲ್ಲಿ ಸೈಕಲ್ ಪ್ರವಾಸಕ್ಕೆ ಅದು ಒಳ್ಳೆಯ ಕಾಲವೇನಲ್ಲ. ಹಬ್ಬ ಮಾರ್ಚ್ 22ರಷ್ಟು ಬೇಗ ಬರಬಹುದು. ಚಳಿ, ಮಳೆ, ಎದುರುಗಾಳಿ ಇನ್ನೂ ಇರುತ್ತವೆ. ಹಿತವಾದ ಸವಾರಿಯೊಂದೇ ಗುರಿಯಾಗಿದ್ದರೆ ಆಗಸ್ಟ್ ತಿಂಗಳು ಎಷ್ಟೋ ವಾಸಿ. ಆದರೆ 1871ರ ಬ್ಯಾಂಕ್ ರಜೆ ಕಾಯ್ದೆಯಿಂದ ಆಗಸ್ಟ್‌ನಲ್ಲಿ ದೊರೆತದ್ದು ಒಂದು ಸೋಮವಾರ ಮಾತ್ರ. ಈಸ್ಟರ್‌ನಲ್ಲಾದರೆ ಭಾನುವಾರದ ಆಚೀಚೆ ಗುಡ್ ಫ್ರೈಡೆಯೂ ಸೋಮವಾರವೂ ಬಿಡುವು.

ಇಲ್ಲಿ ಒಂದು ಆಕ್ಷೇಪ ಏಳಬಹುದು. ಲ್ಯಾಂಕಶೈರ್‌ನ ಜವಳಿ ಊರುಗಳಲ್ಲಿ ಬೇಸಿಗೆಯಲ್ಲಿ ‘ವೇಕ್ಸ್ ವಾರ’ ಎಂಬ ದೀರ್ಘ ರಜೆ ಇತ್ತಲ್ಲ? ಇತ್ತು, ಗಿರಣಿಗಳೇ ಬಾಗಿಲು ಹಾಕುತ್ತಿದ್ದವು. ಆದರೆ ಒಂದೊಂದು ಊರಿಗೆ ಒಂದೊಂದು ವಾರ. ಒಂದೇ ಊರಿನವರು ಕೂಡಿ ಸಮುದ್ರತೀರಕ್ಕೆ ಹೋಗಲು ಅದು ಸಾಕು. ಬ್ರ್ಯಾಡ್‌ಫರ್ಡಿನವರೂ ಬರ್ಮಿಂಗ್‌ಹ್ಯಾಮಿನವರೂ ಒಂದೆಡೆ ಸೇರಲು ಅದರಿಂದ ಆಗದು. ಎಲ್ಲ ಊರಿನವರಿಗೂ ಒಟ್ಟಿಗೆ ಸಿಗುತ್ತಿದ್ದ, ಒಂದು ರಾತ್ರಿಗಿಂತ ಹೆಚ್ಚು ಹೊರಗೆ ಕಳೆಯಬಹುದಾಗಿದ್ದ ರಜೆ ಈಸ್ಟರ್ ಒಂದೇ. ನನ್ನ ಮಟ್ಟಿಗೆ ಇದೇ ನಿರ್ಣಾಯಕ ಸಂಗತಿ.

ಭೂಪಟವೂ ಇದಕ್ಕೆ ಹೊಂದುತ್ತದೆ. ಆ್ಯಶ್‌ಬೋರ್ನ್ ಬರ್ಮಿಂಗ್‌ಹ್ಯಾಮ್‌ನಿಂದಲೂ ಮ್ಯಾಂಚೆಸ್ಟರ್‌ನಿಂದಲೂ ಸುಮಾರು 70 ಕಿಲೋಮೀಟರ್. ಕುಂಬಾರಿಕೆಯ ಊರಾದ ಸ್ಟೋಕ್‌ನಿಂದ ಅದರ ಅರ್ಧ. ಗಾಳಿ ತುಂಬಿದ ಟೈರಿನ ಸೈಕಲ್ಲಿಗೆ ಇದು ಒಂದು ಹಗಲಿನ ಹಾದಿ. ಬೇರೆ ಬೇರೆ ದಿಕ್ಕಿನಿಂದ ಬರುವ, ಮುಖಪರಿಚಯವಿಲ್ಲದ ಸವಾರರು ದಾರಿಯಲ್ಲಿ ಎದುರಾದಾಗ ಒಬ್ಬರು ‘ಬೂಟ್ಸ್’ ಎಂದು ಕೂಗಿದರೆ ಇನ್ನೊಬ್ಬರು ‘ಸ್ಪರ್ಸ್’ ಎನ್ನಬೇಕು. ಆ ಎರಡು ಕೂಗುಗಳಷ್ಟೇ ಅವರಿಗೆ ಗುರುತಿನ ಚೀಟಿ. ಹಳ್ಳಿಗಳಲ್ಲಿ ಇಳಿದು ಕರಪತ್ರ ಹಂಚುವುದು, ಬಯಲಲ್ಲಿ ಭಾಷಣ ಮಾಡುವುದು ಕೂಡ ಸವಾರಿಯ ಭಾಗವೇ ಆಗಿತ್ತು. ಮುಂದೆ ಮಹಿಳೆಯರ ಮತದಾನದ ಹಕ್ಕಿಗಾಗಿ ಹೋರಾಡಿದ ಪ್ಯಾಂಕ್‌ಹರ್ಸ್ಟ್ ಸೋದರಿಯರಾದ ಕ್ರಿಸ್ಟಬೆಲ್ ಮತ್ತು ಸಿಲ್ವಿಯಾ ತಮ್ಮ ಹರೆಯದಲ್ಲಿ ಮ್ಯಾಂಚೆಸ್ಟರ್‌ನ ಕ್ಲ್ಯಾರಿಯನ್ ಗೆಳೆಯರ ಜೊತೆ ಸೈಕಲ್ ತುಳಿದವರು.

ಉಳಿದುಕೊಳ್ಳುವ ವ್ಯವಸ್ಥೆಯನ್ನು ಗಮನಿಸಿದರೆ ಇನ್ನೊಂದು ಸಂಘದೊಡನೆ ಇರುವ ವ್ಯತ್ಯಾಸ ಎದ್ದು ಕಾಣುತ್ತದೆ. 1878ರಲ್ಲಿ ಹ್ಯಾರೊಗೇಟ್‌ನಲ್ಲಿ ಹುಟ್ಟಿದ ಸೈಕ್ಲಿಸ್ಟ್ಸ್ ಟೂರಿಂಗ್ ಕ್ಲಬ್ ಹೋಟೆಲುಗಳ ಜೊತೆ ದರ ಗೊತ್ತುಮಾಡಿಕೊಂಡು, ಅವುಗಳ ಗೋಡೆಗೆ ರೆಕ್ಕೆ ಮೂಡಿದ ಚಕ್ರದ ಫಲಕ ಹಾಕಿಸುತ್ತಿತ್ತು. ಸದಸ್ಯ ಒಬ್ಬನೇ ಹೊರಟರೂ ಊಟ, ಹಾಸಿಗೆ ಖಚಿತ. ಬಿಡುವೂ ಹಣವೂ ಇದ್ದವರಿಗೆ ಇದು ಒಳ್ಳೆಯ ಏರ್ಪಾಡು, ಆದರೆ ಮಾತಿನಂತೆ ಬಾಗಿಲು ತೆರೆಯುವುದು ಕೊನೆಗೂ ಹೋಟೆಲಿನವರ ಕೈಯಲ್ಲಿತ್ತು. 1898ರಲ್ಲಿ ಕ್ಲಬ್ಬಿನ ಸದಸ್ಯೆ ಲೇಡಿ ಹಾರ್ಬರ್ಟನ್ ಅಗಲವಾದ ಚಲ್ಲಣದಂಥ ಸವಾರಿಯುಡುಪು ತೊಟ್ಟು ಸರ್‍ರೆಯ ಆಕಮ್‌ನಲ್ಲಿದ್ದ ಹೋಟೆಲಿಗೆ ಹೋದಾಗ ಅವರನ್ನು ಕಾಫಿ ಕೋಣೆಗೆ ಸೇರಿಸಲಿಲ್ಲ. ಕ್ಲಬ್ಬು ನ್ಯಾಯಾಲಯಕ್ಕೆ ಹೋಯಿತು, 1899ರಲ್ಲಿ ಸೋತಿತು.

ಕ್ಲ್ಯಾರಿಯನ್‌ನವರು ತಮ್ಮದೇ ಸೂರು ಹುಡುಕಿದರು. ಮೊದಲು ಬೇಸಿಗೆಯ ಡೇರೆಗಳು, 1897ರಲ್ಲಿ ಚೆಷೈರ್‌ನ ಬಕ್ಲೋ ಹಿಲ್‌ನಲ್ಲಿ ಸಂಘದ ಮನೆ. ಪೆಂಡಲ್ ಬೆಟ್ಟದ ಬಳಿ ಇಂದಿಗೂ ಭಾನುವಾರ ಚಹಾ ಕೊಡುವ ಕ್ಲ್ಯಾರಿಯನ್ ಹೌಸ್ ಇದೇ ಪರಂಪರೆಯದಾದರೂ, 1912ರಲ್ಲಿ ಅದನ್ನು ಕಟ್ಟಿದ್ದು ಸೈಕಲ್ ಸಂಘವಲ್ಲ, ನೆಲ್ಸನ್ ಊರಿನ ಇಂಡಿಪೆಂಡೆಂಟ್ ಲೇಬರ್ ಪಾರ್ಟಿಯವರು. ಎರಡನ್ನೂ ಒಂದೇ ಎಂದು ಬರೆಯಬಾರದು.

ಈ ವಾದಕ್ಕೆ ಕಾಲದ ಮಿತಿಯೂ ಇದೆ. 1930ರಲ್ಲಿ ಯೂತ್ ಹಾಸ್ಟೆಲ್ ಸಂಘ ಬಂದ ಮೇಲೆ ಕಡಿಮೆ ದುಡ್ಡಿನ ತಂಗುದಾಣಕ್ಕೆ ಸಂಘದ ಮನೆಯನ್ನೇ ನಂಬಬೇಕಾಗಿರಲಿಲ್ಲ. 1938ರ ಸಂಬಳಸಹಿತ ರಜೆ ಕಾಯ್ದೆ ಬೇಸಿಗೆಯ ಇಡೀ ವಾರವನ್ನು ಕಾರ್ಮಿಕರಿಗೆ ದಕ್ಕಿಸುವ ದಾರಿ ತೆರೆಯಿತು. ಆಮೇಲೂ ಈಸ್ಟರ್ ಕೂಟ ಮುಂದುವರಿದದ್ದಕ್ಕೆ ರಜೆಯ ಕೊರತೆಯನ್ನು ಕಾರಣವಾಗಿ ಹೇಳಲಾಗದು. ಆ ಹೊತ್ತಿಗೆ ಅದು ನಾಲ್ಕು ದಶಕಗಳ ರೂಢಿ, ಹಳೆಯ ಸ್ನೇಹಿತರು ವರ್ಷಕ್ಕೊಮ್ಮೆ ಸೇರುವ ಜಾಗ.