ದಾರಿ ತೋರಿಸೋ ಯಂತ್ರಕ್ಕೂ ಒಬ್ಬ ನೀರುಗಂಟಿ ಬೇಕು

ನಂದಿ ಬೆಟ್ಟದ ಸಾಲಿನಲ್ಲಿ ಮಳೆ ಬಿತ್ತು ಅಂದ್ಕೊಳ್ಳಿ. ಆ ನೀರು ಎಲ್ಲಿಗೆ ಹೋಗುತ್ತೆ? ಒಂದು ಪಾಲು ಉತ್ತರ ಪಿನಾಕಿನಿಯಾಗಿ ಗೌರಿಬಿದನೂರು ಹಾದು ಆಂಧ್ರಕ್ಕೆ ಹೋಗುತ್ತೆ. ಇನ್ನೊಂದು ಪಾಲು ದಕ್ಷಿಣ ಪಿನಾಕಿನಿಯಾಗಿ ತಮಿಳುನಾಡಿಗೆ ಇಳಿಯುತ್ತೆ. ಮತ್ತೊಂದು ಪಾಲು ಅರ್ಕಾವತಿಯಾಗಿ ಕಾವೇರಿ ಸೇರುತ್ತೆ. ಹನಿ ಯಾವ ಇಳಿಜಾರಿಗೆ ಬಿತ್ತು ಅನ್ನೋದೇ ಅದರ ಹಣೆಬರಹ.

ಇಂಟರ್ನೆಟ್‌ನಲ್ಲಿ ಈ ಇಳಿಜಾರಿನ ಕೆಲಸ ಮಾಡೋದು ರೂಟರ್. ನಿಮ್ಮ ಮನೆ ಗೋಡೆ ಮೇಲೆ ದೀಪ ಮಿನುಗಿಸುವ ಡಬ್ಬಿ ಅದರ ಚಿಕ್ಕ ತಮ್ಮ. ದೊಡ್ಡಣ್ಣಂದಿರು ಟೆಲಿಕಾಂ ಕಂಪನಿಗಳ ಕಟ್ಟಡದಲ್ಲಿ ಕೂತು, ಯಾವ ಮಾಹಿತಿ ಯಾವ ಕಡೆ ಹೋಗಬೇಕು ಅಂತ ಕ್ಷಣಕ್ಷಣಕ್ಕೂ ತೀರ್ಮಾನ ಮಾಡ್ತಾರೆ. ಆ ತೀರ್ಮಾನ ತಪ್ಪಿದರೆ ಏನಾಗುತ್ತೆ?

ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಗೆ ಹೋಗಿ ನೋಡಿ. ಈಗ ಅಲ್ಲಿ ಇ-ಹರಾಜು. ಗೂಡು ಅನ್ನೋದು ಕಾಯೋ ಸರಕಲ್ಲ. ಒಳಗಿನ ಚಿಟ್ಟೆ ಗೂಡು ಕೊರೆದು ಹೊರಬಂತು ಅಂದರೆ ನೂಲು ಹಾಳು, ರೈತನ ಬೆಳೆಯೂ ಹಾಳು. ಚಿಂತಾಮಣಿಯ ಟೊಮೆಟೊ ಕಥೆಯೂ ಬೇರೆಯಲ್ಲ. ನೆಟ್ ನಿಂತರೆ ನಗರದವನಿಗೆ ಸಿನಿಮಾ ನಿಲ್ಲುತ್ತೆ, ಇಲ್ಲಿನವನಿಗೆ ದುಡಿಮೆ ನಿಲ್ಲುತ್ತೆ. ಹಾಗಾಗಿ ಈ ದಾರಿ ಹಾಕಿಕೊಟ್ಟವರು ಯಾರು, ಅದು ಕೆಟ್ಟಾಗ ರಿಪೇರಿ ಮಾಡುವವರು ಯಾರು ಅಂತ ಕೇಳುವ ಹಕ್ಕು ಮೊದಲು ಈ ಜಿಲ್ಲೆಗಿದೆ.

ಕಥೆ ಶುರುವಾಗೋದು 1989ರ ಜನವರಿಯಲ್ಲಿ, ಅಮೆರಿಕದ ಆಸ್ಟಿನ್ ನಗರದಲ್ಲಿ. ಒಂದು ತಾಂತ್ರಿಕ ಸಭೆಯ ಊಟದ ಹೊತ್ತಿನಲ್ಲಿ ಸಿಸ್ಕೋ ಕಂಪನಿಯ ಕರ್ಕ್ ಲೌಹೀಡ್, ಐಬಿಎಂನ ಯಾಕೊವ್ ರೆಖ್ಟರ್ ಕೂತು ಕೈ ಒರೆಸಿಕೊಳ್ಳುವ ನ್ಯಾಪ್‌ಕಿನ್ ಮೇಲೆ ಒಂದು ಯೋಜನೆ ಗೀಚಿದರು. ಅದೇ ಬಿಜಿಪಿ, ಅಂದರೆ ಬಾರ್ಡರ್ ಗೇಟ್‌ವೇ ಪ್ರೋಟೋಕಾಲ್. ಒಂದು ನೆಟ್‌ವರ್ಕ್ ತನ್ನ ಪಕ್ಕದವನಿಗೆ ‘ಈ ವಿಳಾಸಕ್ಕೆ ನನ್ನ ಮೂಲಕ ದಾರಿ ಇದೆ’ ಅಂತ ಹೇಳುತ್ತೆ. ಪಕ್ಕದವನು ತನ್ನ ಪಕ್ಕದವನಿಗೆ ಹೇಳ್ತಾನೆ. ಹೀಗೆ ಬಾಯಿಂದ ಬಾಯಿಗೆ ಸುದ್ದಿ ಹಬ್ಬಿ, ಲೋಕಕ್ಕೆಲ್ಲ ದಾರಿ ಗೊತ್ತಾಗುತ್ತೆ. ತಾತ್ಕಾಲಿಕ ಅಂತ ಗೀಚಿದ್ದು, ಸುಧಾರಿಸುತ್ತಾ ಸುಧಾರಿಸುತ್ತಾ ಇವತ್ತಿಗೂ ಜಗತ್ತನ್ನು ನಡೆಸ್ತಿದೆ.

ನಮ್ಮ ಕೆರೆಗಳ ಸರಣಿ ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತೆ. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ಮೇಲಿನವನು ತಪ್ಪು ಮಾಡಿದರೆ ಕೆಳಗಿನವನು ಮುಳುಗ್ತಾನೆ, ಇಲ್ಲ ಒಣಗ್ತಾನೆ.

ತಪ್ಪುಗಳಾದವು, ಸ್ವಾಮಿ. 2008ರ ಫೆಬ್ರವರಿ 24ರಂದು ಪಾಕಿಸ್ತಾನ ಟೆಲಿಕಾಂ ತನ್ನ ದೇಶದೊಳಗೆ ಯೂಟ್ಯೂಬ್ ತಡೆಯಲು ಹೊರಟಿತು. ‘ಯೂಟ್ಯೂಬ್‌ಗೆ ದಾರಿ ನನ್ನ ಮನೆಯಿಂದಲೇ’ ಅನ್ನೋ ಸುದ್ದಿ ಗಡಿ ದಾಟಿತು. ಸುಮಾರು ಎರಡು ಗಂಟೆ ಜಗತ್ತಿನ ಬಹುಪಾಲಿಗೆ ಯೂಟ್ಯೂಬ್ ಕಾಣೆ. ನಾವೇನು ಕಮ್ಮಿ ಇಲ್ಲ. 2021ರ ಏಪ್ರಿಲ್ 16ರಂದು ವೊಡಾಫೋನ್ ಐಡಿಯಾದ ನೆಟ್‌ವರ್ಕ್ ತನ್ನದಲ್ಲದ 30 ಸಾವಿರಕ್ಕೂ ಹೆಚ್ಚು ವಿಳಾಸ ಗುಂಪುಗಳಿಗೆ ‘ದಾರಿ ನಾನೇ’ ಅಂತ ಸಾರಿಬಿಟ್ಟಿತು.

ಇವು ಮನುಷ್ಯರು ಹೇಳಿಕೊಟ್ಟ ತಪ್ಪು ದಾರಿಗಳು. ಇನ್ನೊಂದು ಬಗೆಯ ತಪ್ಪಿದೆ, ಅದು ರೂಟರ್ ಒಳಗಿನ ತಂತ್ರಾಂಶದ್ದು. ನಾನು ಇವತ್ತು ಹೇಳಬೇಕಾದದ್ದು ಅದನ್ನೇ.

1996ರಲ್ಲಿ ಜಪಾನಿನ ಕುನಿಹಿರೋ ಇಶಿಗುರೋ ‘ಜೀಬ್ರಾ’ ಅನ್ನೋ ರೂಟಿಂಗ್ ತಂತ್ರಾಂಶ ಬರೆಯಲು ಶುರು ಮಾಡಿದರು. ದುಬಾರಿ ಯಂತ್ರ ಬೇಡ, ಸಾಧಾರಣ ಕಂಪ್ಯೂಟರ್ ಸಾಕು. ಅದರ ಮೂಲ ಬರಹ ಎಲ್ಲರಿಗೂ ಮುಕ್ತ: ಯಾರು ಬೇಕಾದರೂ ಓದಬಹುದು, ಬಳಸಬಹುದು, ತಿದ್ದಬಹುದು. ಮುಂದೆ ಅವರು ಜೊತೆಗಾರರೊಂದಿಗೆ ಕಟ್ಟಿದ ಐಪಿ ಇನ್ಫ್ಯೂಷನ್ ಕಂಪನಿಯ ಎಂಜಿನಿಯರುಗಳು ಬೆಂಗಳೂರಿನಲ್ಲೂ ಇದ್ದಾರೆ. ಇತ್ತ ಮುಕ್ತ ಜೀಬ್ರಾದ ಕೆಲಸ ನಿಧಾನವಾಯಿತು. ಕಾದು ಸಾಕಾದವರು ಅದರ ಪ್ರತಿ ಇಟ್ಟುಕೊಂಡು ‘ಕ್ವಾಗಾ’ ಅಂತ ಬೇರೆ ಸಂಸಾರ ಹೂಡಿದರು. ಕ್ವಾಗಾ ಅಂದರೆ ಅಳಿದುಹೋದ ಒಂದು ಜಾತಿಯ ಜೀಬ್ರಾ. ಕೊನೆಯದು 1883ರಲ್ಲಿ ಆಮ್‌ಸ್ಟರ್‌ಡ್ಯಾಮ್ ಮೃಗಾಲಯದಲ್ಲಿ ಸತ್ತಿತು. ಹೆಸರಿಟ್ಟ ಗಳಿಗೆಯೇ ಸರಿ ಇರಲಿಲ್ಲವೋ ಏನೋ, ಈ ಕ್ವಾಗಾದಲ್ಲೂ ತಿದ್ದುಪಡಿಗಳು ಪರಿಶೀಲನೆಗೆ ಕಾದು ರಾಶಿ ಬಿದ್ದವು. 2017ರಲ್ಲಿ ಅದೂ ಒಡೆದು, ಲಿನಕ್ಸ್ ಫೌಂಡೇಶನ್ ಆಶ್ರಯದಲ್ಲಿ ‘ಎಫ್‌ಆರ್‌ಆರ್’ ಹೊರಬಂತು. ಮೈಕ್ರೋಸಾಫ್ಟ್ ತನ್ನ ಡೇಟಾ ಸೆಂಟರ್‌ಗಳಿಗೆ ಬೆಳೆಸಿದ ಸೋನಿಕ್ ತಂತ್ರಾಂಶದ ಹೊಟ್ಟೆಯಲ್ಲೂ ಇವತ್ತು ಇದೇ ಇದೆ. ಗಮನಿಸಿ, ಎರಡು ಸಲವೂ ಮನೆ ಒಡೆದದ್ದು ಹೊಸದು ಕಟ್ಟುವ ಜಗಳಕ್ಕಲ್ಲ, ರಿಪೇರಿ ತಡವಾಯ್ತು ಅನ್ನೋ ಜಗಳಕ್ಕೆ.

ರಿಪೇರಿ ಅಂದರೆ ಎಂಥದ್ದು? ಪ್ರತಿ ನೆಟ್‌ವರ್ಕ್‌ಗೂ ಒಂದು ಸಂಖ್ಯೆ ಇರುತ್ತೆ. ಮೊದಲು ಹೆಚ್ಚೆಂದರೆ 5 ಅಂಕಿ. ನೆಟ್‌ವರ್ಕ್‌ಗಳು ಹೆಚ್ಚಾಗಿ ಸಂಖ್ಯೆ ಸಾಲದೆ ಹೋದಾಗ, 10 ಅಂಕಿವರೆಗಿನ ದೊಡ್ಡ ಸಂಖ್ಯೆಗಳು ಬಂದವು. ಕ್ವಾಗಾದ ಒಂದು ಮೂಲೆಯಲ್ಲಿ ಮಾತ್ರ ಹಳೇ ಅಳತೆಯ ಜಾಗವೇ ಉಳಿದಿತ್ತು. ದೊಡ್ಡ ಸಂಖ್ಯೆಗಳ ಉದ್ದನೆ ಸಾಲು ಬಂದರೆ ತಂತ್ರಾಂಶ ಕುಸಿದು ಬೀಳ್ತಿತ್ತು. 2009ರಲ್ಲಿ ಅದನ್ನು ಪತ್ತೆ ಹಚ್ಚಿ ಸರಿಪಡಿಸಿದರು. ಅದೇ ವರ್ಷ ಫೆಬ್ರವರಿಯಲ್ಲಿ ಜೆಕ್ ದೇಶದ ಸಣ್ಣ ಕಂಪನಿಯೊಂದು, ಎಷ್ಟು ಸಲ ಅನ್ನೋ ಜಾಗದಲ್ಲಿ ತನ್ನ ನೆಟ್‌ವರ್ಕ್ ಸಂಖ್ಯೆ 47868 ಅನ್ನೇ ತುಂಬಿತು. ಆ ಜಾಗದಲ್ಲಿ 255ಕ್ಕಿಂತ ದೊಡ್ಡದು ಹಿಡಿಸಲ್ಲ. ಉಳಿದದ್ದು 252. ಒಂದೇ ಹೆಸರು 252 ಸಲ ಬರೆದ ಸುದ್ದಿ ಲೋಕವೆಲ್ಲ ಹರಿದು, ದುಬಾರಿ ಕಂಪನಿಗಳ ರೂಟರ್‌ಗಳೂ ಎಡವಿದವು. ಸುಮಾರು ಒಂದು ಗಂಟೆ ಅಲ್ಲೋಲಕಲ್ಲೋಲ.

ಎಫ್‌ಆರ್‌ಆರ್ ಕೂಡ ಎಡವಿತು. ಬಿಜಿಪಿಯಲ್ಲಿ 255 ಅನ್ನೋ ಗುರುತು ಪ್ರಯೋಗಕ್ಕೆಂದೇ ಮೀಸಲು. ತಂತ್ರಾಂಶ ಬರೆದವರು ಅದನ್ನು ತಮ್ಮದೊಂದು ಸೌಲಭ್ಯಕ್ಕೆ ಬಳಸಿಕೊಂಡು, ಹಾಗೇ ಬಿಡುಗಡೆ ಮಾಡಿದ್ದರು. 2019ರ ಜನವರಿಯಲ್ಲಿ ಸಂಶೋಧಕರು ಮೊದಲೇ ತಿಳಿಸಿ ಅದೇ ಗುರುತಿನಿಂದ ಪ್ರಯೋಗ ಮಾಡಿದಾಗ, ಎಫ್‌ಆರ್‌ಆರ್ ರೂಟರ್‌ಗಳು ಸಂಪರ್ಕವನ್ನೇ ಕಡಿದುಕೊಂಡವು. ಪ್ರಯೋಗ ನಿಂತಿತು. ಕೆಲವೇ ದಿನಗಳಲ್ಲಿ ತಿದ್ದಿದ ಆವೃತ್ತಿ ಬಂತು. ಬರಹ ಮುಕ್ತವಾಗಿದ್ದರಿಂದ ತಪ್ಪು ಎಲ್ಲಿ ಅಂತ ಎಲ್ಲರೂ ನೋಡಿದರು, ಮುಚ್ಚಿಡೋಕೆ ಜಾಗ ಇರಲಿಲ್ಲ.

ಆದರೆ ಒಂದು ತಪ್ಪು ಅಕ್ಷರಕ್ಕೆ ಇಡೀ ಸಂಪರ್ಕ ಯಾಕೆ ಕಡಿಯಬೇಕು? ಹಳೇ ನಿಯಮವೇ ಹಾಗಿತ್ತು. 2015ರಲ್ಲಿ ನಿಯಮ ಬದಲಾಯಿತು: ಎಷ್ಟೋ ಬಗೆಯ ತಪ್ಪುಗಳಿಗೆ ಆ ಒಂದು ದಾರಿಯನ್ನಷ್ಟೇ ಕೈಬಿಡಿ, ಮಾತುಕತೆ ನಿಲ್ಲಿಸಬೇಡಿ. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ. 1903ರಲ್ಲಿ ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿ ಅವರು ಕೂರಿಸಿದ ಗೇಟುಗಳು ನೀರು ಮಿತಿ ಮೀರಿದರೆ ತಾವೇ ತೆರೆದು, ಇಳಿದ ಮೇಲೆ ತಾವೇ ಮುಚ್ಚುತ್ತಿದ್ದವು. ಹೆಚ್ಚಾದದ್ದು ಹೋಗಲಿ, ಕಟ್ಟೆ ಉಳಿಯಲಿ. ಅದೇ ಬುದ್ಧಿ ಇಂಟರ್ನೆಟ್‌ಗೆ ಬರೋಕೆ ನೂರು ವರ್ಷಕ್ಕೂ ಹೆಚ್ಚು ಬೇಕಾಯ್ತು.

ಈಗ ದುಡ್ಡಿನ ಮಾತು. ನಮ್ಮ ಹಿರಿಯರು ಕೆರೆ ಕಟ್ಟಿ ಕೈ ತೊಳೆದುಕೊಳ್ಳಲಿಲ್ಲ. ಶಾಸನಗಳಲ್ಲಿ ‘ಬಿತ್ತುವಟ್ಟ’ ಅಂತ ಬರುತ್ತೆ, ಕೆರೆಯ ಉಸ್ತುವಾರಿಗೆ ಬಿಟ್ಟ ಪಾಲು ಅದು. ತೂಬು ತೆಗೆದು ಮುಚ್ಚಲು, ಸೋರಿಕೆ ಕಾಯಲು ನೀರುಗಂಟಿ ಇದ್ದ. ಊರವರು ಸುಗ್ಗಿಯಲ್ಲಿ ಅವನಿಗೆ ಧಾನ್ಯ ಅಳೆದುಕೊಡ್ತಿದ್ದರು. ಆಮೇಲೆ ಕೆರೆ ಸರ್ಕಾರದ್ದಾಯ್ತು, ರಿಪೇರಿ ಯಾರದ್ದೂ ಅಲ್ಲದ್ದಾಯ್ತು. ರಾಜಕಾಲುವೆ ಒತ್ತುವರಿಯಾಯ್ತು. ಇವತ್ತು ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ಪೈಪಿನಲ್ಲಿ ತಂದು ಕಂದವಾರದಂಥ ಕೆರೆಗಳನ್ನು ತುಂಬಿಸ್ತಿದ್ದೇವೆ.

ಇಂಟರ್ನೆಟ್ ವಿಚಾರದಲ್ಲೂ ಅದೇ ಆಗಬೇಕಾ? ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಒಪ್ಪಿಗೆ ಕೊಟ್ಟದ್ದು 2011ರಲ್ಲಿ, ಅದೇ ಇವತ್ತಿನ ಭಾರತ್‌ನೆಟ್. ಉದ್ಘಾಟನೆಗೆ ಟೇಪು ಕತ್ತರಿಸೋಕೆ ಜನ ಸಾಲು ನಿಲ್ತಾರೆ, ನಾವೂ ಕ್ಯಾಮೆರಾ ಕಳಿಸ್ತೀವಿ. ಮುಕ್ತ ತಂತ್ರಾಂಶದ ಒಂದು ಸಾಲು ತಿದ್ದಿ ಲಕ್ಷಾಂತರ ಜನರ ದಾರಿ ಉಳಿಸಿದವನ ಮನೆಗೆ ಯಾವ ಕ್ಯಾಮೆರಾ ಹೋಗುತ್ತೆ?

ಚಿಕ್ಕಬಳ್ಳಾಪುರದಲ್ಲಿ ಎಂಜಿನಿಯರಿಂಗ್ ಕಾಲೇಜಿದೆ. ಕೊನೇ ವರ್ಷದ ಮಕ್ಕಳು ಅಂಗಡಿಯಲ್ಲಿ ಪ್ರಾಜೆಕ್ಟ್ ಕೊಳ್ಳೋ ಬದಲು ಎಫ್‌ಆರ್‌ಆರ್‌ನ ಒಂದೇ ಒಂದು ದೋಷ ಹಿಡಿದು ತಿದ್ದಲಿ, ಅದಕ್ಕೆ ಅಂಕ ಕೊಡಿ. ಈ ತಂತ್ರಾಂಶವನ್ನು ಪುಕ್ಕಟೆ ಬಳಸಿ ಲಾಭ ಮಾಡೋ ಕಂಪನಿಗಳು ಒಂದು ಬಿತ್ತುವಟ್ಟ ಎತ್ತಿಡಲಿ. ಸರ್ಕಾರ ಪ್ರತಿ ನೆಟ್‌ವರ್ಕ್ ಟೆಂಡರ್‌ನಲ್ಲಿ ರಿಪೇರಿಗೂ ಒಂದು ಸಾಲು ಬರೆಯಲಿ. ಗೂಡು ಹೊತ್ತು ಮಾರುಕಟ್ಟೆಗೆ ಬರುವ ರೈತನಿಗೆ ಬಿಜಿಪಿ ಅಂದರೇನು ಅಂತ ಗೊತ್ತಿರಬೇಕಿಲ್ಲ. ಅವನ ದಾರಿ ಕಾಯುವವನ ಹೊಟ್ಟೆ ತುಂಬಿದೆಯಾ ಅಂತ ನಮಗೆ ಗೊತ್ತಿರಬೇಕು.