ಕೋಡಿಂಗ್‌ಗೆ ಇಂಗ್ಲಿಷ್ ಬೇಕೇ ಬೇಕಾ? ವಾಟ್ಸಾಪ್‌ನಿಂದ ಕಾಪಿ ಮಾಡಿದ ಪ್ರೋಗ್ರಾಂ ಯಾಕೆ ಓಡಲ್ಲ?

"ಕಂಪ್ಯೂಟರ್‌ಗೆ ಇಂಗ್ಲಿಷ್ ಮಾತ್ರ ತಿಳಿಯುತ್ತದೆ, ಕನ್ನಡ ಮಾಧ್ಯಮದವರಿಗೆ ಕೋಡಿಂಗ್ ಬರಲ್ಲ." ಇಂಡಿಯಿಂದ ಮುದ್ದೇಬಿಹಾಳದವರೆಗೆ ಪಿಯುಸಿ ಮುಗಿಸಿದ ಮಕ್ಕಳು ಈ ಮಾತನ್ನು ಕೇಳಿಯೇ ಇರುತ್ತಾರೆ. ಕಾಲೇಜಿನ ಗ್ರೂಪಿನಲ್ಲಿ ಬಂದ ಪ್ರೋಗ್ರಾಂ ಕಾಪಿ ಮಾಡಿ ಓಡಿಸಿದಾಗ ಮೊದಲ ಸಾಲಿನಲ್ಲೇ ಎರರ್ ಬಂದರೆ ಆ ಮಾತು ನಿಜವೆನಿಸಿಬಿಡುತ್ತದೆ. ಆದರೆ ಅದು ನಿಜವಲ್ಲ. ಯಾಕೆ ಎಂದು ತಿಳಿಯಲು ಕಂಪ್ಯೂಟರ್ ಕೋಡನ್ನು ಹೇಗೆ ಓದುತ್ತದೆ ಎಂದು ನೋಡಬೇಕು.

ನೀವು ಬರೆದ ಪ್ರೋಗ್ರಾಂ ಕಂಪ್ಯೂಟರ್‌ಗೆ ಮೊದಲು ಕಾಣುವುದು ಅಕ್ಷರಗಳ ಒಂದು ಉದ್ದ ಸಾಲಾಗಿ. ಎಲ್ಲಿ ಪದ ಮುಗಿಯಿತು, ಎಲ್ಲಿ ಸಂಖ್ಯೆ ಶುರುವಾಯಿತು ಅದಕ್ಕೆ ಗೊತ್ತಿಲ್ಲ. ಆ ಸಾಲನ್ನು ತುಂಡು ಮಾಡಿ ಪ್ರತಿ ತುಂಡಿಗೂ ಚೀಟಿ ಅಂಟಿಸುವ ಭಾಗಕ್ಕೆ ಲೆಕ್ಸಿಕಲ್ ಸ್ಕ್ಯಾನರ್ ಎನ್ನುತ್ತಾರೆ. (ಝೆರಾಕ್ಸ್ ಅಂಗಡಿಯ ಸ್ಕ್ಯಾನರ್‌ಗೂ ಇದಕ್ಕೂ ಸಂಬಂಧವಿಲ್ಲ.) ತುಂಡುಗಳಿಗೆ ಟೋಕನ್ ಎಂದು ಹೆಸರು.

ಈ ಕಷ್ಟ ನಮ್ಮ ಜಿಲ್ಲೆಗೆ ಹೊಸದಲ್ಲ. ಹಳೆಯ ತಾಳೆಗರಿಗಳಲ್ಲಿ ಪದಗಳ ನಡುವೆ ಜಾಗ ಬಿಡುವ ರೂಢಿ ಇರಲಿಲ್ಲ, ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡೇ ಸಾಗುತ್ತಿದ್ದವು. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ವಚನಗಳ ಕಟ್ಟುಗಳನ್ನು ಹುಡುಕಿ 1923ರಲ್ಲಿ 'ವಚನಶಾಸ್ತ್ರಸಾರ' ಹೊರತಂದಾಗ ಎದುರಿದ್ದ ಕೆಲಸಗಳಲ್ಲಿ ಇದೂ ಒಂದು: ಪದ ಎಲ್ಲಿ ಒಡೆಯಬೇಕು? ವಚನ ಎಲ್ಲಿ ಮುಗಿಯಿತು? ಎರಡನೆಯದಕ್ಕೆ ಅಂಕಿತ ನೆರವಾಗುತ್ತದೆ. ಬಸವನ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರ ವಚನವಾದರೆ 'ಕೂಡಲಸಂಗಮದೇವ' ಬಂತೆಂದರೆ ಸಾಮಾನ್ಯವಾಗಿ ವಚನ ಮುಗಿಯಿತು ಎಂದರ್ಥ. ಸಿ, ಜಾವಾ ಭಾಷೆಗಳಲ್ಲಿ ಸಾಲಿನ ಕೊನೆಯ ಸೆಮಿಕೋಲನ್ ಮಾಡುವುದೂ ಹೆಚ್ಚುಕಡಿಮೆ ಇದನ್ನೇ.

ಒಂದು ಸಾಲು ತೆಗೆದುಕೊಳ್ಳೋಣ:

ಬೆಲೆ=450+50

ಸ್ಕ್ಯಾನರ್ ಎಡಗಡೆಯಿಂದ ಒಂದೊಂದೇ ಅಕ್ಷರ ನೋಡುತ್ತದೆ. 'ಬ' ಕಂಡಿತು. ಅಕ್ಷರದಿಂದ ಶುರುವಾದದ್ದು ಹೆಸರು, ಹಾಗಾಗಿ ಹೆಸರಿಗೆ ಸೇರಬಹುದಾದದ್ದು ಸಿಗುವವರೆಗೂ ಮುಂದೆ ಹೋಗುತ್ತದೆ. '=' ಬಂದ ಕೂಡಲೇ ನಿಲ್ಲುತ್ತದೆ. 'ಬೆಲೆ' ಒಂದು ಟೋಕನ್, ಜಾತಿ: ಹೆಸರು. ಆಮೇಲೆ ಚಿಹ್ನೆ, ಸಂಖ್ಯೆ, ಚಿಹ್ನೆ, ಸಂಖ್ಯೆ. ಒಟ್ಟು ಐದು. ಪ್ರತಿಯೊಂದರ ಜೊತೆ ಅದು ಎಷ್ಟನೇ ಸಾಲಿನದು ಎಂದೂ ಬರೆದಿಟ್ಟುಕೊಳ್ಳುತ್ತದೆ. ಎರರ್ ಬಂದಾಗ ಸಾಲಿನ ನಂಬರ್ ತೋರಿಸಲು ಸಾಧ್ಯವಾಗುವುದು ಇದರಿಂದಲೇ. ಜಾಗ, ಟಿಪ್ಪಣಿಗಳನ್ನು ಸಾಮಾನ್ಯವಾಗಿ ಇಲ್ಲೇ ಬಿಸಾಡುತ್ತದೆ. ಪೈಥಾನ್ ಮಾತ್ರ ಸಾಲಿನ ಆರಂಭದ ಜಾಗವನ್ನು ಲೆಕ್ಕಕ್ಕೆ ಹಿಡಿಯುತ್ತದೆ.

ಸ್ಕ್ಯಾನರ್ ಬರೆಯುವವರು ಮರೆಯಬಾರದ ನಿಯಮವೊಂದಿದೆ: ಸಾಧ್ಯವಾದಷ್ಟು ಉದ್ದದ ತುಂಡನ್ನೇ ತೆಗೆದುಕೊಳ್ಳಬೇಕು. 'ಇಂಡಿಯಾ' ಎಂಬ ಪದದಲ್ಲಿ 'ಇಂಡಿ' ಸಿಕ್ಕಿತೆಂದು ಅಲ್ಲೇ ಬಸ್ ಇಳಿದರೆ ಹೇಗೆ? ಪ್ರೋಗ್ರಾಮಿನಲ್ಲೂ ಅಷ್ಟೇ. 'ಇಫ್' ಮೀಸಲು ಪದ, ಆದರೆ ಯಾರೋ ಖರ್ಚಿನ ಲೆಕ್ಕಕ್ಕೆ 'ಇಫ್ತಾರ್' ಎಂದು ಹೆಸರಿಟ್ಟರೆ ಮೊದಲೆರಡು ಇಂಗ್ಲಿಷ್ ಅಕ್ಷರ ನೋಡಿ 'ಇಫ್' ಎಂದು ಕತ್ತರಿಸುವಂತಿಲ್ಲ. ಪೂರ್ತಿ ಪದ ಓದಿ, ಆಮೇಲೆ ಮೀಸಲು ಪದಗಳ ಪಟ್ಟಿಯಲ್ಲಿ ಅದು ಇದೆಯೇ ಎಂದು ನೋಡಬೇಕು. ಪೈಥಾನ್‌ನಲ್ಲಿ ಆ ಪಟ್ಟಿ 35 ಪದಗಳದ್ದು.

ಇಂಗ್ಲಿಷ್ ಬೇಕೇ ಎಂಬ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಸ್ಕ್ಯಾನರ್‌ಗೆ ಇಂಗ್ಲಿಷೂ ಗೊತ್ತಿಲ್ಲ. 'ಇಫ್' ಎಂದರೆ ಏನೆಂದು ಅದಕ್ಕೆ ತಿಳಿಯದು, ಪಟ್ಟಿಯ ಜೊತೆ ಹೋಲಿಸುತ್ತದೆ ಅಷ್ಟೇ. ನೀವೇ ಒಂದು ಸ್ಕ್ಯಾನರ್ ಬರೆದು ಪಟ್ಟಿಯಲ್ಲಿ 'ಆದರೆ', 'ಇಲ್ಲದಿದ್ದರೆ' ಎಂದು ಹಾಕಿದರೆ ಅದೂ ನಡೆಯುತ್ತದೆ. ಮೇಲಿನ 'ಬೆಲೆ' ಸಾಲಂತೂ ಇದ್ದ ಹಾಗೆಯೇ ಪೈಥಾನ್ 3ರಲ್ಲಿ ಓಡುತ್ತದೆ. 2008ರಲ್ಲಿ ಬಂದ ಈ ಆವೃತ್ತಿಯಿಂದ ಹೆಸರುಗಳನ್ನು ಕನ್ನಡದಲ್ಲೂ ಇಡಬಹುದು. ಆದರೂ ಎರರ್ ಸಂದೇಶಗಳು, ಕೈಪಿಡಿಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿವೆ. ಹಾಗಾಗಿ ಓದುವಷ್ಟು ಇಂಗ್ಲಿಷ್ ಇದ್ದರೆ ಅನುಕೂಲ ಎಂಬುದನ್ನು ಮುಚ್ಚಿಡಬೇಕಿಲ್ಲ.

ಕನ್ನಡಕ್ಕೆ ಅದರದೇ ಆದ ತೊಡಕುಗಳೂ ಇವೆ. ನಮ್ಮ ಕಣ್ಣಿಗೆ 'ಬೆ' ಒಂದೇ ಅಕ್ಷರ. ಯೂನಿಕೋಡ್‌ನಲ್ಲಿ ಅದು 'ಬ' ಮತ್ತು ಎತ್ವದ ಚಿಹ್ನೆ, ಎರಡು. "ಅಕ್ಷರ, ಅಂಕಿ ಬಿಟ್ಟು ಬೇರೇನೂ ಹೆಸರಿನಲ್ಲಿ ಬರಬಾರದು" ಎಂದು ಇಂಗ್ಲಿಷನ್ನಷ್ಟೇ ಮನಸ್ಸಿನಲ್ಲಿಟ್ಟು ಬರೆದ ಸ್ಕ್ಯಾನರ್ 'ಬ' ಆದಮೇಲೆ ನಿಂತುಬಿಡುತ್ತದೆ. 'ಬಾಗೇವಾಡಿ'ಯ 'ಗೇ'ಯಲ್ಲಿರುವ ದೀರ್ಘವನ್ನು ಎರಡು ರೀತಿ ಉಳಿಸಿಡಬಹುದು, ಒಂದೇ ಚಿಹ್ನೆಯಾಗಿ ಅಥವಾ ಎತ್ವ ಮತ್ತು ದೀರ್ಘ ಚಿಹ್ನೆಗಳನ್ನು ಸೇರಿಸಿ. ಪೈಥಾನ್ ಎರಡನ್ನೂ ಒಂದೇ ಎಂದು ಹಿಡಿಯುತ್ತದೆ, ಜಾವಾಸ್ಕ್ರಿಪ್ಟ್ ಬೇರೆ ಬೇರೆ ಎನ್ನುತ್ತದೆ. 'ಸಾಫ್ಟ್‌ವೇರ್' ಎಂದು ಟೈಪ್ ಮಾಡುವಾಗ ನಡುವೆ ಕಣ್ಣಿಗೆ ಕಾಣದ ಜೀರೋ ವಿಡ್ತ್ ನಾನ್ ಜಾಯ್ನರ್ ಸೇರುತ್ತದೆ. ಇದನ್ನು ಪೈಥಾನ್ ಒಪ್ಪುವುದೇ ಇಲ್ಲ, ಜಾವಾಸ್ಕ್ರಿಪ್ಟ್ ಒಪ್ಪುತ್ತದೆ. ಅಂಕಿಗಳ ಕಥೆ ಇನ್ನೂ ವಿಚಿತ್ರ: ಕೋಡಿನಲ್ಲಿ ನೇರವಾಗಿ ೪೫೦ ಎಂದು ಬರೆದರೆ ಪೈಥಾನ್ ಎರರ್ ಕೊಡುತ್ತದೆ, ಅದನ್ನೇ ಪಠ್ಯವಾಗಿ ಕೊಟ್ಟು ಸಂಖ್ಯೆಯಾಗಿಸು ಎಂದರೆ 450 ಎಂದು ಸರಿಯಾಗಿ ಓದುತ್ತದೆ. 'ಬಸವನ ಬಾಗೇವಾಡಿ' ಎಂದು ನಡುವೆ ಜಾಗ ಬಿಟ್ಟರೆ ಎರಡು ಹೆಸರಾಗುತ್ತದೆ, 'ಬಸವನ_ಬಾಗೇವಾಡಿ' ಎಂದು ಅಡಿಗೆರೆ ಹಾಕಬೇಕು.

ಜಾಗಕ್ಕೆ ಬೆಲೆಯೇ ಇಲ್ಲದ ಭಾಷೆಯೂ ಇತ್ತು. 1957ರಲ್ಲಿ ಐಬಿಎಂ ಹೊರತಂದ ಫೋರ್ಟ್ರಾನ್ ಪದಗಳ ನಡುವಿನ ಜಾಗವನ್ನು ಲೆಕ್ಕಿಸುತ್ತಲೇ ಇರಲಿಲ್ಲ, ಥೇಟ್ ತಾಳೆಗರಿಯಂತೆ. ಅಲ್ಲಿ 'ಡೂ 10 ಐ = 1,5' ಎಂದರೆ ಐದು ಸಲ ಮಾಡು ಎಂದು. ಅಲ್ಪವಿರಾಮದ ಬದಲು ಚುಕ್ಕೆ ಬಿದ್ದರೆ 'ಡೂ10ಐ' ಎಂಬ ಹೆಸರಿಗೆ 1.5 ಬೆಲೆ ಕೊಡು ಎಂದಾಗುತ್ತದೆ, ಎರರ್ ಕೂಡ ಬರುವುದಿಲ್ಲ. "ಈ ಒಂದು ಚುಕ್ಕೆಯಿಂದ ನಾಸಾದ ಮ್ಯಾರಿನರ್ 1 ನಾಶವಾಯಿತು" ಎಂಬ ಫಾರ್ವರ್ಡ್ ನಿಮಗೂ ಬಂದಿರಬಹುದು. ಅದು ಎರಡು ಘಟನೆಗಳ ಕಲಬೆರಕೆ. ಇಂಥ ಚುಕ್ಕೆ ನಾಸಾದ ಬೇರೊಂದು ಪ್ರೋಗ್ರಾಮಿನಲ್ಲಿ ಸಿಕ್ಕಿತ್ತು, ಅದನ್ನು ತಿದ್ದಲಾಯಿತು. 1962ರ ಜುಲೈ 22ರಂದು ಮ್ಯಾರಿನರ್ 1 ದಾರಿ ತಪ್ಪಿದಾಗ ಅದನ್ನು ಐದು ನಿಮಿಷದೊಳಗೆ ನಾಶ ಮಾಡಬೇಕಾಯಿತು. ಅದರ ಸೂತ್ರದಲ್ಲಿ ಬಿಟ್ಟುಹೋಗಿದ್ದದ್ದು ಅಕ್ಷರದ ಮೇಲಿನ ಒಂದು ಅಡ್ಡಗೆರೆ.

ಈಗ ಸ್ಕ್ಯಾನರನ್ನು ಪೂರ್ತಿ ಕೈಯಲ್ಲೇ ಬರೆಯಬೇಕೆಂದಿಲ್ಲ. 1975ರಲ್ಲಿ ಬೆಲ್ ಲ್ಯಾಬ್ಸ್‌ನ ಮೈಕ್ ಲೆಸ್ಕ್ ಮತ್ತು ಎರಿಕ್ ಶ್ಮಿಟ್ 'ಲೆಕ್ಸ್' ಎಂಬ ಸಾಧನ ಮಾಡಿದರು. ನಿಯಮ ಕೊಟ್ಟರೆ ಸ್ಕ್ಯಾನರನ್ನು ಅದೇ ಬರೆದುಕೊಡುತ್ತದೆ. ಈ ಶ್ಮಿಟ್ ಮುಂದೆ ಗೂಗಲ್‌ನ ಸಿಇಒ ಆದವರು.

ಇನ್ನು ವಾಟ್ಸಾಪ್ ಪ್ರೋಗ್ರಾಂ. ಅಲ್ಲಿ ದೊಡ್ಡ ಅಪರಾಧಿ ಉದ್ಧರಣ ಚಿಹ್ನೆ. ಐಫೋನ್‌ನ ಸ್ಮಾರ್ಟ್ ಪಂಕ್ಚುಯೇಷನ್, ವರ್ಡ್‌ನಂಥ ಸಾಫ್ಟ್‌ವೇರ್ ಇವೆಲ್ಲ ನೇರ ಚಿಹ್ನೆಯನ್ನು ಚಂದ ಕಾಣಲೆಂದು ಬಾಗಿಸಿಬಿಡುತ್ತವೆ. ನಮಗೆ ಎರಡೂ ಒಂದೇ. ಸ್ಕ್ಯಾನರ್‌ನ ಪಟ್ಟಿಯಲ್ಲಿ ಬಾಗಿದ ಚಿಹ್ನೆ ಇಲ್ಲವೇ ಇಲ್ಲ, ಹಾಗಾಗಿ 'ಇನ್‌ವ್ಯಾಲಿಡ್ ಕ್ಯಾರೆಕ್ಟರ್' ಎಂದು ಅಲ್ಲೇ ಕೈಚೆಲ್ಲುತ್ತದೆ. ಇನ್ನೊಂದು, ವಾಟ್ಸಾಪ್‌ನಲ್ಲಿ ನಕ್ಷತ್ರ ಚಿಹ್ನೆಗಳ ನಡುವಿನ ಪದ ದಪ್ಪವಾಗುತ್ತದೆ, ಅಡಿಗೆರೆಗಳ ನಡುವಿನದು ಓರೆಯಾಗುತ್ತದೆ, ಚಿಹ್ನೆಗಳು ಮಾತ್ರ ತೆರೆಯಿಂದ ಮಾಯ. ನೋಡಿಕೊಂಡು ಟೈಪ್ ಮಾಡಿದವರಿಗೆ ಗುಣಾಕಾರದ ಚಿಹ್ನೆಯೇ ಸಿಗುವುದಿಲ್ಲ.

ಎರರ್ ತೋರಿಸಿದ ಸಾಲಿಗೆ ಹೋಗಿ ಉದ್ಧರಣ ಚಿಹ್ನೆಗಳನ್ನು ಅಳಿಸಿ ಎಡಿಟರ್‌ನಲ್ಲೇ ಮತ್ತೆ ಟೈಪ್ ಮಾಡಿ. ಬೇರೆಯವರಿಗೆ ಕೋಡ್ ಕಳಿಸುವುದಿದ್ದರೆ ಮೆಸೇಜಿನಲ್ಲಿ ಅಂಟಿಸಬೇಡಿ, ಫೈಲನ್ನೇ ಡಾಕ್ಯುಮೆಂಟ್ ಆಗಿ ಕಳಿಸಿ.